ಬೀರಯ್ಯನ ಕುರಿಗಳು ಪೀಪಾಯಿಗಳಾದದ್ದು

ಹಸಿರುಧಾರಾ ತೈಲ ಕಂಪನಿಯಲ್ಲಿ ತ್ಯಾಜ್ಯವೆಂಬುದಿಲ್ಲ. ಗುಂಡುಮಾಲ್‌ನಿಂದ ಮಕ್ತಲ್‌ಗೆ ಹೋಗುವ ತೆಲುಗು ಗಡಿಸೀಮೆಯ ದಾರಿಯಲ್ಲಿ, ತಂತಿಬೇಲಿಯ ಆಚೆ, ಎಲ್ಲೆಲ್ಲಿಯದೋ ತೈಲ ಟ್ಯಾಂಕುಗಳ ತಳ ಕೆರೆದ ಕರಿ ರಾಡಿಯನ್ನು ತಂದು ಸುರಿಯುವ ಗುಂಡಿಯೊಂದು ಇದೆ, ನಿಜ. ಆದರೆ ಅದರಲ್ಲಿರುವುದು ‘ಭವಿಷ್ಯದ ಸಂಪನ್ಮೂಲ’ ಎಂದು ಆಡಳಿತ ಮಂಡಳಿ ಸರ್ವಾನುಮತದಿಂದ ಠರಾವು ಮಾಡಿದೆ. ಠರಾವಾದ ಮೇಲೂ ಅದು ಮೊದಲಿನಂತೆಯೇ ನಾರುತ್ತಿತ್ತು.

ಗುಂಡಿಯ ಕೆಳಗಿನ ಹಳ್ಳಿಯ ಬೀರಯ್ಯನಿಗೆ ಈ ಠರಾವು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಕುರಿ. ಬೇಸಿಗೆಯಲ್ಲಿ ಹಿಂಡುಗಳು ಕೃಷ್ಣೆಯ ದಂಡೆಗೆ ಹೊರಡುವ ಮುಂಚೆ, ಅವರವರ ಕುರಿಗಳಿಗೆ ಮನೆತನದ ಗುರುತು ಹಾಕುವುದು ವಾಡಿಕೆ. ಬೀರಯ್ಯನ ಮನೆಯದು ಬೆನ್ನ ಮೇಲೊಂದು ಕರಿ ಗೀಟು. ಅಪ್ಪನ ಕಾಲದಲ್ಲಿ ಅದಕ್ಕೆ ಬಂಡಿಯ ಕೀಲೆಣ್ಣೆಯಿತ್ತು. ಈಗ ಬಂಡಿಯೂ ಇಲ್ಲ, ಕೀಲೆಣ್ಣೆಯೂ ಇಲ್ಲ. ಬೇಲಿಯ ಆಚೆ ಮಾತ್ರ ಕರಿ ರಾಡಿ ಬೇಕಾದಷ್ಟು ಬಿದ್ದಿತ್ತು. ಬೀರಯ್ಯ ಬೇಲಿ ತೂರಿ ಒಂದು ಚರಿಗೆ ತುಂಬಿ ತಂದ. ಕುಲದೇವರು ಬೀರಪ್ಪನ ಹೆಸರು ಹೇಳಿ ಒಂದೊಂದು ಕುರಿಗೂ ಗೀಟು ಎಳೆದ.

ಅದೇ ವಾರ ಕಂಪನಿಗೊಂದು ಸಂಕಟ ಬಂದಿತ್ತು. ಕಾಗದಪತ್ರದಲ್ಲಿ ‘ಉಳಿಕೆ’ ಎನಿಸಿಕೊಂಡ ರಾಡಿಯ ಪ್ರತಿ ಹನಿಯೂ ಭದ್ರವಾದ ಪೀಪಾಯಿಗಳಲ್ಲಿದೆ ಎಂದು ಅದು ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಪೀಪಾಯಿಗಳ ಫೋಟೊ ಇತ್ತು, ಪೀಪಾಯಿ ಇರಲಿಲ್ಲ. ಉಳಿಕೆ ಪರಿಶೀಲನಾ ಸಮಿತಿಯ ಝಾನ್ಸಿ ಮೇಡಂ ಅವುಗಳನ್ನು ಕಣ್ಣಾರೆ ನೋಡಲು ಬರುವವರಿದ್ದರು. ಕಂಪನಿಯ ಸುಸ್ಥಿರತಾ ಅಧಿಕಾರಿ ಶ್ರೀನಾಥ ಗೇಟಿನ ಬಳಿ ಬೆವರುತ್ತ ನಿಂತಿದ್ದಾಗ, ಬೀರಯ್ಯನ ಹಿಂಡು ಎದುರಿಗೇ ಹಾದುಹೋಯಿತು. ಶ್ರೀನಾಥ ಒಂದು ಕುರಿಯ ಬೆನ್ನು ಮುಟ್ಟಿ, ಬೆರಳು ಮೂಸಿದ. ಹೋದ ಜೀವ ಬಂದಂತಾಯಿತು.

“ಇದು ನಮ್ಮದು,” ಎಂದ.

“ಕುರಿ ನಂದು ಐತಿರಿ ಸಾರ್.”

“ಕುರಿ ಮಾತು ಯಾರು ಆಡಿದ್ರು? ಮ್ಯಾಲಿರೋದು ನಮ್ಮ ಉಳಿಕೆ. ಉಳಿಕೆ ಯಾವುದರ ಮ್ಯಾಲ ಐತೋ ಅದು ನಮ್ಮ ಪೀಪಾಯಿ. ಹಂಗಂತ ನಿಯಮ ಐತಿ.”

“ತಪ್ಪಾತ್ರಿ, ತೊಳದು ಬಿಡ್ತೀನಿ.”

“ತೊಳದ್ರ ಆ ನೀರೂ ಉಳಿಕೆ ಆಗ್ತದ. ಅದನ್ನ ಇಡಾಕ ಮತ್ತೊಂದು ಹಿಂಡು ಐತೇನು ನಿನ್ನತ್ರ?”

ಬೀರಯ್ಯನ ಹತ್ತಿರ ಇರಲಿಲ್ಲ. ಹಿಂಡು ಬೇಲಿಯೊಳಗೆ ಹೋಯಿತು.

ಝಾನ್ಸಿ ಮೇಡಂ ಬಂದು ಶ್ರದ್ಧೆಯಿಂದ ತಪಾಸಣೆ ಮಾಡಿದರು. ಮುಚ್ಚಳ ಎಲ್ಲಿ ಎಂದು ಕೇಳಿದಾಗ ಶ್ರೀನಾಥ ಕುರಿಯ ಬಾಯಿ ತೋರಿಸಿದ. ತುಕ್ಕು ಹಿಡಿಯುವುದಿಲ್ಲ, ತಾನೇ ನಡೆಯುತ್ತದೆ, ತಾನೇ ಮೇಯುತ್ತದೆ ಎಂದು ವಿವರಿಸಿದ. “ಚಾಲಾ ಬಾಗುಂದಿ,” ಎಂದು ಮೇಡಂ ತೆಲುಗಿನಲ್ಲೇ ಮೆಚ್ಚಿಕೊಂಡು ಸಹಿ ಹಾಕಿದರು. ಮರುದಿನ ಗೇಟಿನ ಮೇಲೆ ಪ್ರಕಟಣೆ ಬಿತ್ತು:

‘ಪೀಪಾಯಿಗಳನ್ನು ಮಾರತಕ್ಕದ್ದಲ್ಲ. ಪೀಪಾಯಿಗಳ ಉಣ್ಣೆ ಕತ್ತರಿಸತಕ್ಕದ್ದಲ್ಲ. ಪೀಪಾಯಿ ಮೃತಪಟ್ಟಲ್ಲಿ ಅದನ್ನು ಸೋರಿಕೆ ಎಂದು ಪರಿಗಣಿಸಲಾಗುವುದು. ಗುರುತಿಲ್ಲದ ಪ್ರಾಣಿಗಳಿಗೂ ಕಂಪನಿಗೂ ಸಂಬಂಧವಿರುವುದಿಲ್ಲ.’

ಬೀರಯ್ಯ ಬೇಲಿಯ ಹೊರಗೆ ನಿಂತು ನಾಲಗೆ ಮಡಿಚಿ ಕೂಗಿದರೆ ಇಡೀ ಹಿಂಡು ತಂತಿಯ ಬಳಿ ಓಡಿ ಬರುತ್ತಿತ್ತು. ಕಾವಲುಗಾರ ಪೀಪಾಯಿಗಳನ್ನು ಒಂದು ಕಡೆ ಹೊರಳಿಸಿ ನಿಲ್ಲಿಸುತ್ತಿದ್ದ. ಅವುಗಳಿಗೆ ನೀರು ಕುಡಿಸುವ ಹುಕುಂ ಯಾವ ನಿಯಮದಲ್ಲೂ ಇರಲಿಲ್ಲ. ಹೆಂಡತಿ ಬಾಲಮ್ಮ ದಿನಾ ಊರ ಬಾವಿಯಿಂದ ಕೊಡ ಹೊತ್ತು ತಂದು, ಕಂಪನಿಯನ್ನು ಬಾಯಿ ತುಂಬ ಬೈಯುತ್ತ ಕುಡಿಸುತ್ತಿದ್ದಳು.

ಬೇಲಿಯೊಳಗೆ ಒಂದು ಕುರಿ ಈಯಿತು. ಮರಿ ಬೆಳ್ಳಗಿತ್ತು. ಅದು ತಾಯಿಯ ಹಾಲು ಬಿಟ್ಟು ನೀರಿಗೆ ಬಾಯಿ ಹಾಕುವಷ್ಟು ದೊಡ್ಡದಾದ ಮೇಲೆ ಬಾಲಮ್ಮ ಗಂಡನನ್ನು ಎಳೆದುಕೊಂಡೇ ಹೋದಳು. “ಇದಕ್ಕ ಗೀಟು ಇಲ್ಲರಿ. ನಿಮ್ಮ ಕಾಗದದ ಪ್ರಕಾರ ಇದು ನಮ್ದು. ಕೊಡ್ರಿ.”

ಶ್ರೀನಾಥ ನ್ಯಾಯವಂತ. ಮರಿಯ ರಕ್ತವನ್ನು ಪರೀಕ್ಷೆಗೆ ಕಳಿಸಿದ. ವರದಿ ಬಂದ ದಿನ ಬೇಸರದಿಂದ ತಲೆ ಅಲ್ಲಾಡಿಸಿದ. “ಹೊರಗ ಇಲ್ಲ, ಖರೇ. ಒಳಗ ನಮ್ಮ ಎಣ್ಣಿನೇ ಐತಿ. ಇದು ತುಂಬಿದ ಪೀಪಾಯಿ.”

ಬೀರಯ್ಯನಿಗೆ ತಡೆಯಲಾಗಲಿಲ್ಲ. “ಅದು ಕುಡಿದದ್ದು ನಮ್ಮೂರ ಬಾವಿ ನೀರು! ನಾವೂ ಅದನ್ನ ಕುಡಿಯೋದು! ಹಂಗಾರ ನಮ್ಮನ್ನೂ ಒಳಗ ಹಾಕ್ರಿ!”

ಬಾವಿಯ ನೀರಿನ ಮೇಲೆ ಬಣ್ಣ ತೇಲುತ್ತಿದೆ ಎಂದು ಊರವರು ಎಷ್ಟೋ ಸಲ ದೂರು ಕೊಟ್ಟಿದ್ದರು. ಅದು ಬಿಸಿಲಿನ ಚೆಲುವು, ಗುಂಡಿಗೆ ಸಂಬಂಧವಿಲ್ಲ ಎಂದೇ ಕಂಪನಿ ಉತ್ತರ ಕೊಡುತ್ತ ಬಂದಿತ್ತು. ಇವತ್ತು ಶ್ರೀನಾಥ ಹಾಗೆನ್ನಲಿಲ್ಲ. ಪುಸ್ತಕ, ಪೆನ್ನು ತೆಗೆದು ಊರಿನ ಕಡೆ ನೋಡಿದ.

“ಊರಾಗ ಎಷ್ಟು ಮಂದಿ ಅದೀರಿ?” ಎಂದು ಮೆತ್ತಗೆ ಕೇಳಿದ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ಜನ ಆಧಾರ್ ಕಾರ್ಡು ಹಿಡಿದು ಸಾಲಾಗಿ ನಿಂತು ರಕ್ತ ಕೊಟ್ಟರು. ರಕ್ತದಲ್ಲಿ ಎಣ್ಣೆ ಸಿಕ್ಕಿ ತೇರ್ಗಡೆಯಾದವರ ಕಿವಿಗೆ ಪೀಪಾಯಿಯ ಹಳದಿ ಬಿಲ್ಲೆ ಹಾಕಲಾಯಿತು. ಗದ್ವಾಲದ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಮುದುಕಿ ಆಶಮ್ಮ ಮಾತ್ರ ಫೇಲಾದಳು. ಇಡೀ ಊರಲ್ಲಿ ಅವಳೊಬ್ಬಳನ್ನೇ ಹೊರಗಿಡಬೇಡಿರೆಂದು ಮನೆಯವರು ಕೈಮುಗಿದು ಬೇಡಿಕೊಂಡರು. ಅಧಿಕಾರಿಗಳ ಎದುರೇ ಚೆಂಬುಗಟ್ಟಲೆ ಬಾವಿ ನೀರು ಕುಡಿದ ಮೇಲೆ ಅವಳನ್ನೂ ಮಂಜೂರು ಮಾಡಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡಿಯಿಂದ ಬಾವಿಗೆ ಇಳಿಯುವ ಜಿನುಗಿಗೆ ‘ನೈಸರ್ಗಿಕ ಪೈಪ್‌ಲೈನ್’ ಎಂದು ಹೆಸರಾಯಿತು. ಆ ವರ್ಷದ ಸುಸ್ಥಿರ ನಿರ್ವಹಣೆಯ ಪ್ರಶಸ್ತಿ ಹಸಿರುಧಾರಾಕ್ಕೇ ಬಂತು.

ಪೀಪಾಯಿಯನ್ನು ಪೀಪಾಯಿಯ ಜೊತೆ ಇಡಲು ನಿಯಮದಲ್ಲಿ ಅಡ್ಡಿಯಿಲ್ಲ. ಹಾಗಾಗಿ ಬೀರಯ್ಯನ ಹಿಂಡನ್ನು ಬೀರಯ್ಯನ ಜೊತೆಗೇ ಇಡಲು ಅಪ್ಪಣೆಯಾಯಿತು. ಅವನು ಬಿಳಿ ಮರಿಯನ್ನು ಹೆಗಲ ಮೇಲೆ ಹೊತ್ತು, ಕಣ್ಣೀರು ಒರೆಸಿಕೊಳ್ಳುತ್ತ, ಕುರಿಗಳನ್ನು ಮನೆಗೆ ಹೊಡೆದುಕೊಂಡು ಬಂದ. ಕುರಿಗಳ ಕಿವಿಯಲ್ಲೂ ಅವನ ಕಿವಿಯಲ್ಲೂ ಒಂದೇ ಬಣ್ಣದ ಬಿಲ್ಲೆ ಇತ್ತು.

ಬಾಲಮ್ಮ ಚೆಂಬಿನಲ್ಲಿ ನೀರು ತಂದುಕೊಟ್ಟಳು. ಮೇಲೆ ನೀಲಿ, ನೇರಳೆ ಬಣ್ಣ ತೇಲುತ್ತಿತ್ತು. ಬೀರಯ್ಯ ಅವಸರದಿಂದ ಎತ್ತಿ ಕುಡಿಯತೊಡಗಿದ.

“ನಿಧಾನ ಕುಡಿ,” ಎಂದಳು ಬಾಲಮ್ಮ. “ಚೆಲ್ಲಬ್ಯಾಡ. ಕಂಪನಿದು.”