ಹಲ್ಲು ಕಟ್ಟಿಸಲು ಕೋಸ್ಟರಿಕಾಗೆ

ಒಂದು ದೇಶದಲ್ಲಿ ಕೂತು ಇನ್ನೊಂದು ದೇಶದ ಡಾಕ್ಟರ ಹತ್ತಿರ ಜನರನ್ನು ಕಳಿಸುವ ಕೆಲಸ ಮಾಡಿದರೆ, ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ ನಮ್ಮದೊಂದು ಪುಟ್ಟ ಆಫೀಸಿತ್ತು. ಹಲ್ಲಿನ ಇನ್ಶೂರೆನ್ಸ್ ಇಲ್ಲದವರಿಗೆ ಕೋಸ್ಟರಿಕಾದಲ್ಲಿ ಅಗ್ಗದ ಡೆಂಟಿಸ್ಟು, ಔಷಧಿ ಅಂಗಡಿ ಗೊತ್ತುಮಾಡಿಕೊಡುತ್ತಿದ್ದೆವು. ಕನ್ನಡದ ಫೋನ್ ಬಂದರೆ ನನ್ನ ಪಾಲಿಗೆ.

ಪೋಸ್ಟಿನಲ್ಲಿ ಬಂದ ನಗು

ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಿಂದ ಒಬ್ಬ ಆಂಟಿ ಫೋನ್ ಮಾಡಿದರು. ಊರಿಂದ ಬಂದಿದ್ದ ಅವರ ಮಾವನಿಗೆ ಹೊಸ ಹಲ್ಲುಸೆಟ್ ಬೇಕಂತೆ.

"ಈಗಿರೋ ಸೆಟ್‌ದು ಫೋಟೋ ತೆಗೆದು ಕಳಿಸಿ" ಅಂದೆ.

ಪೋಸ್ಟಿನಲ್ಲಿ ಡಬ್ಬಿ ಬಂತು. ತೆಗೆದರೆ, ಹತ್ತಿಯಲ್ಲಿ ಸುತ್ತಿದ ಸೆಟ್ಟೇ ನನ್ನನ್ನು ನೋಡಿ ನಗುತ್ತಿದೆ! ಗಾಬರಿಯಾಗಿ ಫೋನ್ ಮಾಡಿದೆ.

"ಫೋಟೋ ಮಸುಕಾಗಿ ಬಂತು, ಅದಕ್ಕೇ..." ಅಂದರು ಆಂಟಿ.

"ಮಾವ ಏನು ಮಾಡ್ತಿದಾರೆ?"

"ಚಕ್ಕುಲಿ ತಟ್ಟೆ ಮುಂದೆ ಕೂತಿದಾರೆ. ಸ್ವಲ್ಪ ಬೇಗ ವಾಪಸ್ ಕಳಿಸ್ತೀರಾ?"

ಇಲ್ಲದ ಮರದ ಎಡಕ್ಕೆ

ಕೋಸ್ಟರಿಕಾದವರು ರಸ್ತೆ ಹೆಸರು, ಮನೆ ನಂಬರು ಹೇಳುವುದು ಕಡಿಮೆ, ಗುರುತು ಹೇಳುತ್ತಾರೆ. ನಾವು ಕಳಿಸಿದ್ದ ಬೆಂಗಳೂರಿನ ಟೆಲಿಕಾಂ ಇಂಜಿನಿಯರೊಬ್ಬರು ಬೀದಿಯಿಂದಲೇ ಫೋನ್ ಮಾಡಿದರು: "ಸಾರ್, ಔಷಧಿ ಅಂಗಡಿ ಅಂಜೂರದ ಮರದ ಎಡಕ್ಕಿದೆ ಅಂತಾರೆ. ಇಲ್ಲಿ ಮರವೇ ಇಲ್ಲ!"

ಅಲ್ಲಿದ್ದ ನಮ್ಮ ಏಜೆಂಟನನ್ನು ಕೇಳಿದೆ.

"ಆ ಮರ ಕಡಿದು ಬಹಳ ವರ್ಷವಾಯಿತು" ಅಂದ.

"ಮತ್ತೆ ಅದನ್ನೇ ಯಾಕೆ ಹೇಳ್ತೀರಿ?"

"ಮರ ಕಡಿದರೆ ಅಂಗಡಿ ಓಡಿಹೋಗುತ್ತದೆಯೇ?"

ಡೋಲೋರ್

ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸಕ್ಕಿದ್ದ ಹುಬ್ಬಳ್ಳಿಯ ಅಂಕಲ್ ಒಬ್ಬರು ದವಡೆ ಊದಿಸಿಕೊಂಡು ಕೋಸ್ಟರಿಕಾಗೆ ಹೋದವರು, ವಾಪಸ್ ಬಂದು ನಮ್ಮ ಆಫೀಸಿನಲ್ಲಿ ಕೂತರು. ಅಲ್ಲಿಯ ಡೆಂಟಿಸ್ಟಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ನಿಮ್ಮ ಡಾಕ್ಟರ್ ಭಾಳ ರೊಕ್ಕದಾಶಿ ಮನಷ್ಯಾ ಅದಾನ್ರಿ! ಹಲ್ಲು ಮುಟ್ಟಿ 'ಡೋಲೋರ್? ಡೋಲೋರ್?' ಅಂತ ಕೇಳಿದ. ಡಾಲರ್ ನಿಮ್ಮ ಆಫೀಸಿಗೇ ಕೊಟ್ಟೇನಲ್ಲ! 'ನೋ' ಅಂದೆ. ಕೈಯಾಗಿನ ಅರವಳಿಕಿ ಸೂಜಿ ಕೆಳಗಿಟ್ಟು ಕೊರ್ಯಾಕ ಶುರು ಮಾಡಿದ. ಜೀವ ಹೋಗಾಕತ್ತಿತ್ತು. ನಡುವ ಮತ್ತ 'ಡೋಲೋರ್?' ಅಂದ. ಒಂದ್ ಡಾಲರ್ ಕೊಡಂಗಿಲ್ಲಂತ 'ನೋ! ನೋ!' ಅಂತ ಒದರಿದೆ. ಮತ್ತಷ್ಟು ಒಳಗ ಕೊರದ!"

"ಅಂಕಲ್, ಸ್ಪ್ಯಾನಿಷ್‌ನಲ್ಲಿ ಡೋಲೋರ್ ಅಂದರೆ ನೋವು. ನೋವಾಗುತ್ತಾ ಅಂತ ಕೇಳಿದ್ದಾರೆ."

ಅಂಕಲ್ ದವಡೆ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ ಅಂದರು:

"ಹಂಗಾರ, ಕಡೀಕ ನರ್ಸ್‌ಗಳನ್ನೆಲ್ಲಾ ಕರದು ನನಗ ಚಪ್ಪಾಳಿ ಹೊಡಿಸಿದ್ದು ಇದಕ್ಕೇನ್ರಿ? ನಾ ಅವತ್ತು ಅವ್ರದೇನೋ ಹಬ್ಬ ಅಂತ ತಿಳಕೊಂಡು, ನಾನೂ ಹೊಡದ್ ಬಂದೆ!"