ಎರಡು ಗುಂಡಿ, ಒಂದು ಪಟ್ಟಿ

ಎಂಟಡಿ ಉದ್ದದ ಒಂದು ಜಿಐ ಕಬ್ಬಿಣದ ಪಟ್ಟಿ. ಓಬುಳಪತಿಯ ಬದುಕಿಗೆ ಅಡ್ಡ ಬಂದಿದ್ದು ಇಷ್ಟೇ.

ಕಂಟ್ರಾಕ್ಟರ್ ರಾಮಾಂಜಿನೇಯನ ಕೈಕೆಳಗೆ ಹನ್ನೆರಡು ವರ್ಷ ವೈರ್ ಎಳೆದ ಮೇಲೆ ಅವನಿಗೆ ಸ್ವಂತ ಲೈಸೆನ್ಸು ಸಿಕ್ಕಿತ್ತು. ಮೊದಲ ಕೆಲಸ ಹಿಂದೂಪುರದ ಒಂದು ಹುಣಿಸೆ ಮಂಡಿಯದು. ಅದು ತಪಾಸಣೆಯಲ್ಲಿ ಪಾಸಾದರೆ ಕಲ್ಯಾಣದುರ್ಗದಲ್ಲಿ ಅವನದೇ ಅಂಗಡಿ, ಅವನದೇ ಬೋರ್ಡು. ಇಲ್ಲದಿದ್ದರೆ ಮತ್ತೆ ರಾಮಾಂಜಿನೇಯನ ಏಣಿ ಹೊರುವುದು.

ಮಂಡಿಯ ಅಣ್ಣತಮ್ಮಂದಿರು, ಅಮರೇಶಪ್ಪ ಮತ್ತು ನಟರಾಜ್, ಭಾಗವಾಗಿ ನಡುವೆ ಗೋಡೆ ಎಬ್ಬಿಸಿದ್ದರು. ಹಳೆಯ ಮೀಟರು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅದರ ಅರ್ಥಿಂಗ್ ಗುಂಡಿ ಅಣ್ಣನಿಗೆ. ತಮ್ಮ ತನ್ನ ಪಾಲಿನಲ್ಲಿ ಕೋಲ್ಡ್ ರೂಮ್ ಮಾಡಿ ಎರಡನೆಯ ಕರೆಂಟ್ ಸರ್ವೀಸು ಹಾಕಿಸಿದ್ದ. ಅದಕ್ಕೆ ಓಬುಳಪತಿ ಹೊಸ ಅರ್ಥಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದ್ದ.

ಬೆಳಿಗ್ಗೆ ಬಂದ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ರಮಾದೇವಿ ತಲೆಯಾಡಿಸಿದರು. “ಕಟ್ಟಡ ಒಂದೇ ಅಲ್ವೇನಪ್ಪ? ಎರಡು ಗುಂಡೀನೂ ಪಟ್ಟಿ ಹಾಕಿ ಸೇರ್ಸು. ಇಲ್ದಿದ್ರೆ ಒಂದು ಕೈ ಆ ಕಡೆ, ಒಂದು ಕೈ ಈ ಕಡೆ ಇಟ್ಟೋನು ಹೋಯ್ತಾನೆ. ನಾಲ್ಕು ಗಂಟೆಗೆ ಬತ್ತೀನಿ.”

“ಸೇರ್ಸೋದಾ?” ಅಮರೇಶಪ್ಪ ಎಗರಿದ. “ರುಬ್ಬೋ ಕಲ್ಲಲ್ಲೂ ಒರಳು ನಂಗೆ, ಗುಂಡು ಅವನಿಗೆ ಅಂತ ಭಾಗ ಆಗೈತೆ ಕಣಪ್ಪ!”

“ಅವನ ದರಿದ್ರ ಕರೆಂಟು ನಂಗ್ಯಾಕ್ಲಾ?” ಎಂದ ನಟರಾಜ್.

ಮಧ್ಯಾಹ್ನದವರೆಗೂ ಗೋಗರೆದು ಸಾಕಾದ ಓಬುಳಪತಿ ಅಮರೇಶಪ್ಪನ ಕಿವಿಯಲ್ಲಿ ಪಿಸುಗುಟ್ಟಿದ. “ಅಣ್ಣಾ, ಪಟ್ಟಿ ಹಾಕಿದ್ರೆ ನಿಮ್ಮಲ್ಲಿ ಲೀಕಾಗಾ ಕರೆಂಟೆಲ್ಲ ಅವರ ಗುಂಡಿಗೆ ಹೋಯ್ತದೆ.”

ಅಮರೇಶಪ್ಪನ ಮುಖ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು. “ಮೊದ್ಲೇ ಬೊಗಳ್ಬಾರ್ದೇನ್ಲಾ!”

ಗೋಡೆ ಸುತ್ತಿ ಹೋಗಿ ತಮ್ಮನಿಗೂ ಅದನ್ನೇ ಹೇಳಿದ. “ಹಂಗಾದ್ರೆ ದಪ್ಪದ್ದೇ ಹಾಕು!” ಎಂದ ನಟರಾಜ್.

ಮೂರಕ್ಕೆಲ್ಲ ಪಟ್ಟಿ ಕೂತಿತು. ಗೋಡೆಯ ಎರಡೂ ಕಡೆ ಟೀ ಕೊಡಲು ಹೋಗಿ ಎರಡೂ ಪಿಸುಮಾತು ಕೇಳಿಸಿಕೊಂಡಿದ್ದ ಎದುರಿನ ಟೀ ಅಂಗಡಿಯ ಆದೆಮ್ಮ ಬೀದಿಗೆಲ್ಲ ಕೇಳುವಂತೆ ನಕ್ಕಳು. “ಅಣ್ಣನ ಕರೆಂಟು ತಮ್ಮಂಗೆ, ತಮ್ಮನ ಕರೆಂಟು ಅಣ್ಣಂಗಂತೆ! ಇಬ್ರಿಗೂ ಒಂದೇ ಬಾಟ್ಲಿ ಔಷ್ದಿ ಕುಡಿಸ್ಬುಟ್ನಲ್ಲಪ್ಪ ಈ ಕಲ್ಯಾಣದುರ್ಗದೋನು!”

ನಾಲ್ಕಕ್ಕೆ ರಮಾದೇವಿ ಬಂದಾಗ ಕಿತ್ತೆಸೆದ ಪಟ್ಟಿ ಬೀದಿಯಲ್ಲಿ ಬಿದ್ದಿತ್ತು. ಅಣ್ಣತಮ್ಮಂದಿರು ವರ್ಷದಲ್ಲೇ ಮೊದಲ ಸಲ ಗೋಡೆಯ ಒಂದೇ ಕಡೆ ನಿಂತಿದ್ದರು.

“ಮೇಡಂ, ಇವ್ನು ಅಣ್ಣತಮ್ಮಂದ್ರ ಮಧ್ಯೆ ತಂದಿಡ್ತಾನೆ!” ಎಂದರು, ಇಬ್ಬರೂ ಒಟ್ಟಿಗೆ.

“ಪಟ್ಟಿ ಮಾತ್ರ ಬೇಕೇ ಬೇಕು.”

“ಹಾಕಿಸ್ತೀವಿ ಮೇಡಂ. ದೊಡ್ಡ ಕಂಟ್ರಾಕ್ಟರ ಕೈಲಿ.”

ರಮಾದೇವಿ ಫಾರಂನಲ್ಲಿ ಓಬುಳಪತಿಯ ಹೆಸರಿನ ಮೇಲೆ ಗೆರೆ ಎಳೆದರು.

ಕಲ್ಯಾಣದುರ್ಗದ ಬಸ್ಸು ಊರು ದಾಟುವ ಮೊದಲೇ ಫೋನು ಬಂತು. ರಾಮಾಂಜಿನೇಯ.

“ಓಬುಳಾ, ಹಿಂದೂಪುರದಾಗೆ ಒಂದು ಮಂಡಿ ಕೆಲ್ಸ ಬಂದೈತೆ. ಯಾವನೋ ತಲೆಕೆಟ್ಟೋನು ಅರ್ಧಕ್ಕೆ ಕೆಡಿಸೌನಂತೆ. ಎರಡು ಗುಂಡಿ ಸೇರ್ಸಾದು, ಅಷ್ಟೇ. ನಾಳೆ ನೀನು ಹೋಗಿ ಮುಗ್ಸು. ಸೈನು ನಾನು ಹಾಕ್ತೀನಿ. ಪಟ್ಟಿ ಐತೇನ್ಲಾ ನಿನ್ತಾವ?”

ಓಬುಳಪತಿ ತೊಡೆಯ ಮೇಲೆ ಸುತ್ತಿಟ್ಟುಕೊಂಡಿದ್ದ ಪಟ್ಟಿಯನ್ನು ನೋಡಿದ.

“ಐತಣ್ಣ,” ಎಂದ. “ಅಳತೆಗೆ ಕುಯ್ದಿದ್ದೇ ಐತೆ.”