ಟೈಲರಕ್ಕನ ಚುಕ್ಕಿ ಪುಸ್ತಕ

ಹೊಲಿಗೆ ಅಂಗಡಿ ಇಟ್ಟವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ಕೈಯಲ್ಲೊಂದು ಬ್ಲೌಸ್ ಪೀಸ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತದೆ. ಸುಳ್ಯದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲೆ ನನ್ನ ಅಂಗಡಿ. ಹೊಲಿಗೆಯಲ್ಲಿ ನನಗೆ ಒಳ್ಳೆಯ ಹೆಸರುಂಟು. ಹೇಳಿದ ದಿನಕ್ಕೆ ಕೊಡುವುದರಲ್ಲೂ ಹೆಸರುಂಟು, ಅದು ಬೇರೆ ನಮೂನೆಯದು.

ಈ ಸಲದ ಗಮ್ಮತ್ತು ಶುರುವಾದದ್ದು ಟೀಚರಿಂದ. ಅರಂತೋಡಿನವರು. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದವರು, ಈಗ ನಿವೃತ್ತರು. ನಾನು ಮೆಷಿನ್ ಇಟ್ಟಾಗ ಮೊದಲ ಬ್ಲೌಸ್ ಹೊಲಿಯಲು ಕೊಟ್ಟದ್ದೂ ಅವರೇ. ಮೊನ್ನೆ ಮಳೆಗಾಲದ ಆಟಿ ತಿಂಗಳಲ್ಲಿ ಬಂದರು. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ, ಹಾಗಾಗಿ ಜವಳಿ ಅಂಗಡಿಯವರು ಸೀರೆಗೆ ರಿಯಾಯಿತಿ ಹಾಕುತ್ತಾರೆ. ಆ ಸೇಲಿನಲ್ಲಿ ಪುತ್ತೂರಿನಿಂದ ತಂದ ರೇಷ್ಮೆ ಸೀರೆಯ ಬ್ಲೌಸ್ ಪೀಸು, ಅಳತೆಗೆ ಮಗಳ ಹಳೆಯ ಬ್ಲೌಸು, ಎರಡನ್ನೂ ಮೇಜಿನ ಮೇಲಿಟ್ಟರು.

"ಮಗಳ ಮದುವೆಗೆ. ದೀಪಾವಳಿ ಕಳೆದ ಕೂಡ್ಲೇ ಮದುವೆ. ಅದಕ್ಕಿಂತ ಮೊದಲು ನನ್ನ ಕೈಗೆ ಸಿಗ್ಬೇಕು."

"ಹೌದಾ ಟೀಚರ್! ಹುಡುಗ ಎಲ್ಲಿಯವರು?"

"ಅದು... ಕಡಬದ ಕಡೆ" ಎಂದವರು ಕೂಡಲೇ ಮಾತು ತಿರುಗಿಸಿದರು. "ನೋಡು, ಶಾಲೆಯಲ್ಲಿ ಹೋಂವರ್ಕ್ ಕೇಳಿದ್ರೂ ನೀನು ನಾಳೆ ಅಂತಿದ್ದೆ. ಈಗ್ಲೂ ನಾಳೆ ಅಂತೀಯ. ಈ ಬ್ಲೌಸಿಗೆ ನಾಳೆ ಬನ್ನಿ ಅಂತ ಹೇಳಿದಿಯೋ, ಇನ್ನು ನಾನು ಹೊಲಿಸುದು ಪುತ್ತೂರಿನಲ್ಲೇ. ಮಗಳು ಕೆಲಸದಲ್ಲಿರುದೂ ಅಲ್ಲೇ."

ಬೇರೆ ಯಾರಾದರೂ ಪುತ್ತೂರಿಗೆ ಹೋಗಲಿ, ನನಗೆ ಬೇಜಾರಿಲ್ಲ. ಟೀಚರು ಹೋಗಬಾರದು. ಅವರು ಬಂದು ನಾಲ್ಕು ಬೈದು ಹೋಗದಿದ್ದರೆ ನನಗೆ ಅಂಗಡಿ ತೆರೆದ ಹಾಗೇ ಆಗುವುದಿಲ್ಲ.

ನನ್ನ ಸಂಕಟ ಕೇಳಿ ಅಕ್ಕನ ಮಗಳು ಒಂದು ದಪ್ಪ ಪುಸ್ತಕ ತಂದುಕೊಟ್ಟಳು. "ಇದು ಬುಲೆಟ್ ಜರ್ನಲ್, ಚಿಕ್ಕಮ್ಮಾ. ಮಾಡ್ಲಿಕ್ಕಿರುವ ಕೆಲಸದ ಎದುರು ಒಂದು ಚುಕ್ಕಿ ಇಡುದು. ಮುಗಿದ್ರೆ ಅದರ ಮೇಲೆ ಗುಣಿಸುವ ಗುರುತು. ಮುಗಿಯದಿದ್ರೆ ಬಾಣ ಹಾಕಿ ಮುಂದಿನ ಪೇಜಿಗೆ ದೂಡುದು. ಅಷ್ಟೇ."

ಅಷ್ಟೇ ಎಂದವಳು ಸಂಜೆಯ ಬಸ್ಸಿಗೆ ಪುತ್ತೂರಿನ ಹಾಸ್ಟೆಲಿಗೆ ಹೋದಳು. ಅನುಭವಿಸಿದವಳು ನಾನು.

ಅತ್ತೆಯ ಉದ್ಘಾಟನೆ

ಆ ಪುಸ್ತಕದಲ್ಲಿ ಗೆರೆ ಇಲ್ಲ. ಹಾಳೆ ತುಂಬ ಸಾಲು ಸಾಲು ಸಣ್ಣ ಚುಕ್ಕಿಗಳು. ಒಳ್ಳೆಯ ಅಕ್ಷರದಲ್ಲಿ ಶುರು ಮಾಡೋಣ ಎಂದು ಮನೆಯ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡುವಾಗ ಅತ್ತೆ ಕನ್ನಡಕ ಹಾಕಿ ಕೂತಿದ್ದಾರೆ, ಮೊದಲ ಪುಟದ ತುಂಬ ರಂಗೋಲಿ. ನಾಲ್ಕು ಮೂಲೆಗೆ ನಾಲ್ಕು ತಾವರೆ, ಸುತ್ತಲೂ ಬಳ್ಳಿ.

"ಎಷ್ಟು ಒಳ್ಳೆ ಪುಸ್ತಕ ಮಾರಾಯ್ತಿ! ಚುಕ್ಕಿ ಎಲ್ಲ ಅವ್ರೇ ಇಟ್ಟು ಕೊಟ್ಟಿದ್ದಾರೆ. ನನಗೆ ನೆಲಕ್ಕೆ ಬಗ್ಗಲಿಕ್ಕೆ ಆಗುದಿಲ್ಲ ಅಂತ ತಂದದ್ದಲ್ವಾ ನೀನು?"

ಮೊಣಕಾಲು ನೋವು ಶುರುವಾದ ಮೇಲೆ ಅತ್ತೆ ರಂಗೋಲಿ ಹಾಕಿದ್ದೇ ಇಲ್ಲ. ಆ ಮುಖದ ಸಂತೋಷ ನೋಡಿ ನನಗೆ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಹೌದು ಅತ್ತೆ, ನಿಮಗೇ ಎಂದೆ. ಆ ಪುಟದ ಫೋಟೋ ತೆಗೆದು ಅಕ್ಕನ ಮಗಳಿಗೆ ಕಳಿಸಿದೆ, ಅವಳಾದರೂ ಇನ್ನೊಂದು ಪುಸ್ತಕ ತರಲಿ ಎಂದು.

ಅವಳು ಕೂಡಲೇ ಫೋನ್ ಮಾಡಿದಳು. "ಚಿಕ್ಕಮ್ಮಾ! ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಇಷ್ಟು ಚಂದ ಬರುದಿಲ್ಲ. ಒಂದೇ ದಿನದಲ್ಲಿ ಬುಲೆಟ್ ಜರ್ನಲ್ ಪೂರ್ತಿ ಕಲ್ತಿರಲ್ಲ!"

ಬಾಣ

ಎರಡನೇ ಪುಟದಿಂದ ನಾನು ಬರೆಯತೊಡಗಿದೆ. ಚುಕ್ಕಿ, ಗುಣಿಸುವ ಗುರುತು ಎಲ್ಲ ಸಾಧಾರಣ. ಆದರೆ ಆ ಬಾಣ ನನಗೆ ಭಾರೀ ಹಿಡಿಸಿತು. ಇಷ್ಟು ವರ್ಷ ನಾಳೆ ಬನ್ನಿ ಎಂದು ಬಾಯಲ್ಲಿ ಹೇಳಿ ಬೈಸಿಕೊಂಡಿದ್ದೆ. ಅದಕ್ಕೆ ಯಾರೋ ಬುದ್ಧಿವಂತರು ಗುರುತು ಕಂಡುಹಿಡಿದು, ಓದಿದವರೆಲ್ಲ ಅದನ್ನು ಹಾಕುತ್ತಾರೆ ಎಂದರೆ ಸಂತೋಷ ಆಗದೆ ಇರುತ್ತದಾ?

ಐವರ್ನಾಡಿನ ಒಬ್ಬರು ಅಕ್ಕ ಚೂಡಿದಾರ ಕೇಳಿಕೊಂಡು ಬಂದರು. ನಾನು ಜಂಬದಿಂದ ಪುಸ್ತಕ ಬಿಡಿಸಿದೆ. "ಈಗ ಮೊದಲಿನ ಹಾಗಲ್ಲ ಅಕ್ಕ. ಎಲ್ಲ ಬರ್ದಿಟ್ಟಿದ್ದೇನೆ. ಇಕೊಳ್ಳಿ, ನಿಮ್ಮ ಚೂಡಿದಾರ."

"ಅದರ ಎದುರು ಬಾಣ ಎಂತಕ್ಕೆ?"

"ಕೆಲಸ ಮುಂದೆ ಹೋಗ್ತಾ ಉಂಟು ಅಂತ."

ಅವರು ಪುಟ ತಿರುಗಿಸಿದರು. ಅಲ್ಲೂ ಅವರ ಚೂಡಿದಾರ, ಅಲ್ಲೂ ಬಾಣ. ಇನ್ನೊಂದು ಪುಟ, ಮತ್ತೊಂದು ಪುಟ. ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಇವತ್ತಿನ ಪುಟದವರೆಗೆ ಬಂದು, ಪುಸ್ತಕ ಮುಚ್ಚಿ, ಸಮಾಧಾನದಲ್ಲೇ ಹೇಳಿದರು:

"ಇಷ್ಟು ದೂರ ನಡ್ಕೊಂಡು ಬಂದಿದೆಯಲ್ಲ, ಹೀಗೇ ಬಿಡಿ. ಅದೇ ಐವರ್ನಾಡಿಗೆ ಮುಟ್ತದೆ. ನಾನು ಬಸ್ಸಿಗೆ ಬರುದು ಬೇಡ."

ಅವರನ್ನು ಸ್ಟೂಲಿನಲ್ಲಿ ಕೂರಿಸಿ, ಚಾ ತರಿಸಿ, ಅಲ್ಲೇ ಹೊಲಿದು ಕೊಟ್ಟೆ.

ಬಣ್ಣದ ಚೌಕ

ಕೂತು ಕೂತು ನನಗೆ ಸೊಂಟ ನೋವು. ದಿನಾ ಬೆಳಿಗ್ಗೆ ವಾಕಿಂಗ್ ಹೋಗಬೇಕು, ಹೋದ ದಿನ ಒಂದು ಚೌಕಕ್ಕೆ ಬಣ್ಣ ತುಂಬಬೇಕು ಎಂದು ಅಕ್ಕನ ಮಗಳು ಫೋನಿನಲ್ಲೇ ಹೇಳಿಕೊಟ್ಟಳು. ತಿಂಗಳಿಡೀ ಚೌಕ ಬರೆದೆ, ಬಣ್ಣದ ಪೆನ್ನು ತಂದೆ. ತರಲಿಕ್ಕೆ ಅಂಗಡಿಯವರೆಗೆ ನಡೆದದ್ದೇ ನನ್ನ ವಾಕಿಂಗ್.

ಒಂದು ದಿನ ನೋಡುತ್ತೇನೆ, ಎಲ್ಲ ಚೌಕಗಳೂ ಭರ್ತಿ! ಇನ್ನೂ ಬಾರದ ದಿನಗಳಿಗೂ ಹಸಿರು, ಕೆಂಪು, ಹಳದಿ.

"ಖಾಲಿ ಖಾಲಿ ಕಂಡು ಬೇಜಾರಾಯ್ತು" ಎಂದರು ಅತ್ತೆ. "ನಿನಗೆಲ್ಲಿ ಪುರುಸೊತ್ತು ಅಂತ ನಾನೇ ತುಂಬ್ಸಿದೆ."

"ಅಯ್ಯೋ ಅತ್ತೆ, ಅದು ನಾನು ವಾಕಿಂಗ್ ಹೋದ ದಿನ ಮಾತ್ರ ತುಂಬ್ಸುದು!"

ಅತ್ತೆ ಪುಸ್ತಕವನ್ನು ಇನ್ನೊಮ್ಮೆ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ಈ ತಿಂಗಳಿಂದು ಪೂರ್ತಿ ನಡೆದಾಯ್ತು. ಇನ್ನು ಕೂತು ಆ ಟೀಚರ ಬ್ಲೌಸ್ ಹೊಲಿ."

ಟೀಚರ ಬ್ಲೌಸ್

ಹೊಲಿದೆ. ಆ ಒಂದು ಬ್ಲೌಸಿಗೆ ಬಾಣ ಹಾಕುವುದಿಲ್ಲ ಎಂದು ಹಟ ಹಿಡಿದೆ. ಲೈನಿಂಗ್ ಬಟ್ಟೆ ನೀರಿಗೆ ಹಾಕುವುದಕ್ಕೊಂದು ಚುಕ್ಕಿ, ಕಟ್ಟಿಂಗಿಗೊಂದು, ತೋಳಿನ ಮಣಿ ಕೆಲಸಕ್ಕೊಂದು, ಹುಕ್ಕಿಗೊಂದು. ಒಂದೊಂದಕ್ಕೇ ಗುಣಿಸುವ ಗುರುತು ಬೀಳುತ್ತಾ ಬಂದು, ನವರಾತ್ರಿಗೆ ಮುಂಚೆಯೇ ಬ್ಲೌಸ್ ತಯಾರಾಯಿತು. ನನಗೇ ನಂಬಲಿಕ್ಕೆ ಆಗಲಿಲ್ಲ. ಫೋನ್ ಮಾಡಿದೆ.

"ಟೀಚರ್, ಬ್ಲೌಸ್ ರೆಡಿ."

ಆಚೆಯಿಂದ ಟೀಚರು, "ಯಾರು ಮಾತಾಡುದು?"

ಸಿಕ್ಕಿದ ಬಸ್ಸಿಗೆ ಬಂದರು. ಬ್ಲೌಸನ್ನು ತಿರುಗಿಸಿ ಮಗುಚಿ, ಒಳಹೊಲಿಗೆ ಎಳೆದು ನೋಡಿ, ಮಣಿಗಳನ್ನು ಸವರಿದರು. ನಗುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಸ್ಟೂಲಿನಲ್ಲಿ ಕೂತು ದೊಡ್ಡ ಉಸಿರು ಬಿಟ್ಟರು. ಹೋಯಿತು, ಇನ್ನು ಪುತ್ತೂರೇ ಎಂದುಕೊಂಡೆ.

"ಸರಿ ಆಗ್ಲಿಲ್ವಾ ಟೀಚರ್?"

"ಚಂದ ಆಗಿದೆ. ಇಷ್ಟು ಚಂದದ್ದು ನೀನು ಇದುವರೆಗೆ ಹೊಲಿದದ್ದಿಲ್ಲ. ತೊಂದರೆ ಅದಲ್ಲ." ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಮದುವೆ ನಿಶ್ಚಯವೇ ಆಗ್ಲಿಲ್ಲ ಮಾರಾಯ್ತಿ."

"ಹಾಂ? ಕಡಬದ ಹುಡುಗ?"

"ಜಾತಕ ಬಂದದ್ದು ಮಾತ್ರ. ಅವ್ರು ನೋಡ್ಲಿಕ್ಕೆ ಬರುದೇ ಬರುವ ಆದಿತ್ಯವಾರ."

"ಮತ್ತೆ ದೀಪಾವಳಿ ಕಳೆದ ಕೂಡ್ಲೇ ಮದುವೆ ಅಂತ ಹೇಳಿದ್ದು?"

"ಅದು ನಿನ್ನನ್ನು ನಂಬಿ ಹೇಳಿದ್ದು!" ಟೀಚರಿಗೆ ಈಗ ನಿಜವಾಗಿ ಸಿಟ್ಟು ಬಂತು. "ದೀಪಾವಳಿಗೆ ಅಂದ್ರೆ ನೀನು ಕೊಡುದು ಬೇಸಗೆಗೆ. ಅಷ್ಟರಲ್ಲಿ ಹುಡುಗನನ್ನು ನೋಡಿ, ನಿಶ್ಚಿತಾರ್ಥ ಮುಗ್ಸಿ, ಹಾಲ್ ಬುಕ್ ಮಾಡಿ ಎಲ್ಲ ಆಗ್ತದೆ ಅಂತ ನಾನು ಲೆಕ್ಕ ಹಾಕಿಟ್ಟದ್ದು. ಹೀಗೆ ಹೇಳದೆ ಕೇಳದೆ ಟೈಮಿಗೆ ಕೊಡುದಾ?"

ನನಗೆ ನಗು ತಡೆಯಲಾಗಲಿಲ್ಲ. ನನ್ನನ್ನು ನೋಡಿ ಅವರೂ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ನಕ್ಕು ಮುಗಿದ ಮೇಲೆ ಬ್ಲೌಸನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಇದು ಇಲ್ಲೇ ಇರ್ಲಿ. ಮನೆಯಲ್ಲಿ ಕಂಡ್ರೆ, ಹುಡುಗ ಎಲ್ಲಿ ಅಂತ ಮಗಳು ನಗಾಡ್ತಾಳೆ. ಬ್ಲೌಸ್ ಎಂತ ಆಯ್ತು ಅಂತ ಕೇಳಿದ್ರೆ, ಟೈಲರ್ ಇನ್ನೂ ಕೊಡ್ಲಿಲ್ಲ ಅಂತ ಹೇಳ್ತೇನೆ. ಯಾರಿಗೂ ಸಂಶಯ ಬರುದಿಲ್ಲ."

ಹಾಗೆ, ಜೀವಮಾನದಲ್ಲಿ ನಾನು ಟೈಮಿಗೆ ಮುಗಿಸಿದ ಒಂದೇ ಒಂದು ಬ್ಲೌಸ್ ನನ್ನ ಕಪಾಟಿನೊಳಗೆ ಅಡಗಿ ಕೂತಿತು. ಮೆಟ್ಟಿಲು ಇಳಿಯುತ್ತಿದ್ದವರನ್ನು ಹೆದರಿ ಹೆದರಿ ಕೇಳಿದೆ:

"ಟೀಚರ್, ಇನ್ನು ಪುತ್ತೂರಿಗೆ ಹೋಗುದಿಲ್ಲ ಅಲ್ವಾ?"

ಟೀಚರು ಅರ್ಧ ಮೆಟ್ಟಿಲಲ್ಲಿ ನಿಂತು ತಿರುಗಿದರು.

"ಎಂತಕ್ಕೆ ಹೋಗುದು? ಅಲ್ಲಿಯವರು ಹೇಳಿದ ದಿನಕ್ಕೇ ಕೊಡ್ತಾರಂತೆ. ಅವರನ್ನು ನಂಬಿ ಮಗಳ ಮದುವೆ ಮಾಡ್ಲಿಕ್ಕೆ ಆಗ್ತದಾ?"